ಫೋನ್ ಲಾಕ್ ಆಗಿದ್ರೂ ನಿಮ್ಮ ಔಷಧಿ ವಿವರ ಕಾಣೋ ಹಾಗಿರ್ಲಿ

ಮಾನ್ಯ ಸಂಪಾದಕರೇ,

ಹೋದ ತಿಂಗಳು ನಮ್ಮ ಚಿಕ್ಕಪ್ಪ ವಾಕಿಂಗ್ ಹೋದವರು ರಸ್ತೇಲಿ ಬಿದ್ದು ತಲೆಗೆ ಪೆಟ್ಟಾಯ್ತು. ಯಾರೋ ಪುಣ್ಯಾತ್ಮರು ಆಸ್ಪತ್ರೆಗೆ ಸೇರಿಸಿದ್ರು, ಆದ್ರೆ ಜೇಬಲ್ಲಿದ್ದ ಫೋನ್ ಲಾಕ್ ಆಗಿತ್ತು, ಇವರಿಗೆ ಪ್ರಜ್ಞೆ ಇಲ್ಲ, ಮನೆಯವರ ನಂಬರ್ ಯಾರಿಗೂ ಸಿಗ್ಲಿಲ್ಲ. ಇನ್ನೂ ಬರ್ಲಿಲ್ವಲ್ಲ ಅಂತ ಚಿಕ್ಕಮ್ಮ ತಾವಾಗೇ ಫೋನ್ ಮಾಡಿದ್ಮೇಲೇ ನಮಗೆ ವಿಷಯ ಗೊತ್ತಾಗಿದ್ದು. ಚಿಕ್ಕಪ್ಪ ವಾರ್ಫರಿನ್ ತಗೋತಾರೆ, ಅಂದ್ರೆ ರಕ್ತ ಹೆಪ್ಪುಗಟ್ಟದ ಹಾಗೆ ತಡೆಯೋ ಮಾತ್ರೆ, ಅದನ್ನ ತಗೊಳ್ಳೋರ ತಲೆಗೆ ಪೆಟ್ಟು ಬಿದ್ರೆ ಒಳಗೆ ರಕ್ತಸ್ರಾವ ಆಗೋ ಅಪಾಯ ಜಾಸ್ತಿ. ಡಾಕ್ಟರಿಗೆ ಮೊದಲು ಗೊತ್ತಾಗ್ಬೇಕಿದ್ದ ಆ ಒಂದು ಮಾತು ಹೇಳೋಕೆ ಅಲ್ಲಿ ಯಾರೂ ಇರ್ಲಿಲ್ಲ. ಈಗ ಹುಷಾರಾಗಿದಾರೆ, ಆದ್ರೆ ನನಗೆ ಆ ದಿನ ಮರೆಯೋಕಾಗ್ತಿಲ್ಲ.

ಇದಕ್ಕೆ ವ್ಯವಸ್ಥೆ ಫೋನಲ್ಲೇ ಇದೆ ಅಂತ ನನಗೂ ಆಮೇಲೇ ಗೊತ್ತಾಗಿದ್ದು. ಐಫೋನಲ್ಲಿ 2014ರಿಂದ್ಲೇ ಹೆಲ್ತ್ ಆ್ಯಪ್ ಒಳಗೆ ಮೆಡಿಕಲ್ ಐಡಿ ಅಂತ ಇದೆ. ಎಷ್ಟೋ ಆಂಡ್ರಾಯ್ಡ್ ಫೋನ್‌ಗಳಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಎಮರ್ಜೆನ್ಸಿ ಅಂತ ಹುಡುಕಿದ್ರೆ ಸಿಗುತ್ತೆ. ಅಲ್ಲಿ ತುಂಬಿದ್ರೆ ಲಾಕ್ ಸ್ಕ್ರೀನಿನ ಎಮರ್ಜೆನ್ಸಿ ಬಟನ್ ಒತ್ತಿದವರಿಗೆ ಪಾಸ್‌ವರ್ಡ್ ಇಲ್ದೇನೇ ಕಾಣುತ್ತೆ. ಲಾಕ್ ಆಗಿದ್ದಾಗ್ಲೂ ತೋರಿಸು ಅನ್ನೋ ಆಯ್ಕೆ ಆನ್ ಇರ್ಬೇಕು ಅಷ್ಟೇ, ಅದು ಆಫ್ ಇದ್ರೆ ಎಲ್ಲಾ ತುಂಬಿಯೂ ಪ್ರಯೋಜನ ಇಲ್ಲ, ಹಾಗಾಗಿ ತುಂಬಿದ್ಮೇಲೆ ಫೋನ್ ಲಾಕ್ ಮಾಡಿ ಒಂದ್ಸಲ ನೀವೇ ತೆಗೆದು ನೋಡಿ.

ಸುಮಾರು ಜನ ಬ್ಲಡ್ ಗ್ರೂಪ್ ಒಂದು ಹಾಕಿ ಮುಗೀತು ಅಂದ್ಕೊಳ್ತಾರೆ. ರಕ್ತ ಕೊಡೋ ಮುಂಚೆ ಆಸ್ಪತ್ರೆಯವರು ತಾವೇ ಟೆಸ್ಟ್ ಮಾಡ್ಕೊಳ್ತಾರೆ, ನೀವು ಬರೆದಿದ್ದನ್ನ ನಂಬಿ ಕೊಡಲ್ಲ. ಆದ್ರೆ ಪೆನ್ಸಿಲಿನ್ ಆಗಲ್ಲ, ಇನ್ಸುಲಿನ್ ತಗೋತೀನಿ, ಫಿಟ್ಸ್ ಇದೆ, ಎದೇಲಿ ಪೇಸ್‌ಮೇಕರ್ ಇದೆ, ಇಂಥದ್ದೆಲ್ಲ ಹೊರಗಿಂದ ನೋಡಿದ ತಕ್ಷಣ ಯಾರಿಗೂ ಗೊತ್ತಾಗಲ್ಲ, ಮೊದಲು ಬರೀಬೇಕಾಗಿರೋದು ಅದನ್ನ. ಮಾತ್ರೆ ಬದಲಾದಾಗ ಇಲ್ಲೂ ಬದಲಾಯಿಸಿ, ಹಳೇ ಮಾಹಿತಿ ಡಾಕ್ಟರ ದಾರಿ ತಪ್ಪಿಸುತ್ತೆ.

2005ರಲ್ಲಿ ಇಂಗ್ಲೆಂಡಿನ ಆಂಬುಲೆನ್ಸ್ ಸಿಬ್ಬಂದಿಯೊಬ್ಬರು ಮನೆಯವರ ನಂಬರನ್ನ ಐಸಿಇ (ಇನ್ ಕೇಸ್ ಆಫ್ ಎಮರ್ಜೆನ್ಸಿ, ಅಂದ್ರೆ ತುರ್ತು ಬಂದ್ರೆ) ಅಂತ ಸೇವ್ ಮಾಡ್ಕೊಳ್ಳಿ ಅಂತ ಪ್ರಚಾರ ಮಾಡಿದ್ರು. ಆಗ ಅದು ಸರಿ ಇತ್ತು, ಆದ್ರೆ ಈಗ ಫೋನೇ ತೆರೆಯಲ್ಲ, ಕಾಂಟ್ಯಾಕ್ಟ್ಸ್‌ನಲ್ಲಿ ಹಾಕಿಟ್ಟು ಏನು ಬಂತು, ಎಮರ್ಜೆನ್ಸಿ ಕಾಂಟ್ಯಾಕ್ಟ್ ಅಂತಲೇ ಸೇರಿಸ್ಬೇಕು.

ಕಾಯಿಲೆ ವಿಷಯ ಯಾರ್ಯಾರೋ ನೋಡ್ತಾರೆ ಅನ್ನೋ ಅಳುಕು ಕೆಲವರಿಗಿದೆ, ಅದು ತಪ್ಪಲ್ಲ. ಮನೆ ವಿಳಾಸ ಹಾಕ್ಬೇಡಿ, ಜೀವಕ್ಕೆ ಬೇಕಾದಷ್ಟೇ ಹಾಕಿ. ಬಿದ್ದಾಗ ಫೋನ್ ಒಡೀಬಹುದು, ಚಾರ್ಜ್ ಖಾಲಿ ಆಗಿರ್ಬಹುದು, ಅದಕ್ಕೆ ಪರ್ಸಲ್ಲೂ ಒಂದು ಚೀಟಿ ಇರ್ಲಿ.

ಚಿಕ್ಕಪ್ಪನ ಫೋನ್ ಅವತ್ತು ಅಷ್ಟು ಜನರ ಕೈಗೆ ಹೋಗಿದ್ರೂ ಎಮರ್ಜೆನ್ಸಿ ಬಟನ್ ಒತ್ತಿ ನೋಡ್ಬೇಕು ಅಂತ ಒಬ್ಬರಿಗೂ ಹೊಳೀಲಿಲ್ಲ. ಒಂದ್ಸಲ ಫೋಟೋ ಸಮೇತ ಎಲ್ಲಿ ಒತ್ತಬೇಕು ಅಂತ ನಿಮ್ಮ ಪತ್ರಿಕೇಲಿ ಹಾಕ್ತೀರಾ?

ಇಂತಿ,
ಒಬ್ಬ ಓದುಗ