ಮುಚ್ಚಿದ ದೂರುಗಳ ಕಡತವನ್ನು ಮೊದಲು ತೆರೆಯಿರಿ: ಮೇಯರ್ ಅವರಿಗೊಂದು ಬಹಿರಂಗ ಪತ್ರ

ಮಾನ್ಯ ಮೇಯರ್ ಅವರಿಗೆ,

ನಮಸ್ಕಾರಗಳು.

ನಗರದ ಮುಕ್ತ ದತ್ತಾಂಶಕ್ಕಾಗಿ, ಅಂದರೆ ಪಾಲಿಕೆಯ ಪಟ್ಟಿಗಳನ್ನೂ ಅಂಕಿಗಳನ್ನೂ ಯಾರು ಬೇಕಾದರೂ ಇಳಿಸಿಕೊಂಡು ಬಳಸುವಂತೆ ಇಡಲು, ಹೊಸ ಪೋರ್ಟಲ್ ಕಟ್ಟಿಸಲು ತಾವು ಮನಸ್ಸು ಮಾಡಿದ್ದೀರಿ ಎಂದು ತಿಳಿದು ಈ ಪತ್ರ ಬರೆಯುತ್ತಿದ್ದೇನೆ. ಸಂತೋಷವಾಯಿತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ಸಾಲುಗಳಲ್ಲಿ ಆ ಸಂತೋಷ ಅಷ್ಟಾಗಿ ಕಾಣಿಸಲಿಕ್ಕಿಲ್ಲ. ಹಳೆಯ ಪೋರ್ಟಲ್ ಉದ್ಘಾಟನೆಯಾದ ದಿನ ನಾನೂ ಸಭಾಂಗಣದ ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಪರದೆಯ ಮೇಲೆ ಬಣ್ಣಬಣ್ಣದ ನಕ್ಷೆ ಮೂಡಿತು, ಚಪ್ಪಾಳೆ ಬಿತ್ತು, ಫೋಟೊ ತೆಗೆಸಿಕೊಂಡು ಎಲ್ಲರೂ ಹೊರಟರು. ಆ ನಕ್ಷೆ ಇಂದಿಗೂ ಅಲ್ಲಿಯೇ ಇದೆ. ಅದರ ಮೂಲೆಯಲ್ಲಿ 'ಕೊನೆಯ ಪರಿಷ್ಕರಣೆ' ಎಂಬುದರ ಮುಂದೆ ಇರುವುದು ಉದ್ಘಾಟನೆಯ ಹಿಂದಿನ ದಿನದ ದಿನಾಂಕ.

ನಾನು ಮೂವತ್ತು ವರ್ಷ ಲೆಕ್ಕಪತ್ರಗಳ ನಡುವೆಯೇ ಕಳೆದವನು. ಲೆಡ್ಜರ್ ಕಂಡರೆ ತಪ್ಪು ಹುಡುಕುವ ಚಟ ನಿವೃತ್ತಿಯ ನಂತರವೂ ಬಿಟ್ಟಿಲ್ಲ. ಈ ಪತ್ರಕ್ಕೆ ಆ ಚಟವೂ ಒಂದು ಕಾರಣ. ಇನ್ನೊಂದು ಕಾರಣ ನಮ್ಮ ರಸ್ತೆಯ ತಿರುವಿನಲ್ಲಿರುವ ಒಂದು ಚರಂಡಿ. ಅದರ ಮೇಲಿನ ಕಲ್ಲುಚಪ್ಪಡಿ ಮುರಿದು ಒಳಗೆ ಬಿದ್ದಿದೆ. ಯಾರೋ ಪುಣ್ಯಾತ್ಮರು ಎಚ್ಚರಿಕೆಗೆಂದು ಅದರಲ್ಲಿ ಮರದ ಕೊಂಬೆಯೊಂದನ್ನು ನೆಟ್ಟರು. ಎಲೆ ಒಣಗಿ ಉದುರಿದಾಗ ಇನ್ಯಾರೋ ಹಸಿರು ಕೊಂಬೆ ತಂದು ಸಿಕ್ಕಿಸಿದರು. ಈಗ ಇರುವುದು ಮೂರನೆಯ ಕೊಂಬೆ. ನಾನು ದಾಖಲಿಸಿದ ದೂರುಗಳೂ ಮೂರು. ಮೂರಕ್ಕೂ ಮೊಬೈಲಿಗೆ ಒಂದೇ ಉತ್ತರ ಬಂತು: "ಸ್ಥಳ ಪರಿಶೀಲಿಸಲಾಗಿದೆ. ದೂರನ್ನು ವಿಲೇವಾರಿ ಮಾಡಲಾಗಿದೆ." ದೂರು ಮೂರು ಸಲ ಮುಚ್ಚಿತು, ಚರಂಡಿ ಮಾತ್ರ ಬಾಯಿ ತೆರೆದುಕೊಂಡೇ ಇದೆ. ಕಸಕ್ಕೂ ಕಡತಕ್ಕೂ ನಮ್ಮ ಭಾಷೆಯಲ್ಲಿ 'ವಿಲೇವಾರಿ' ಎಂಬ ಒಂದೇ ಪದ ಏಕಿದೆ ಎಂಬುದು ಆಗ ಅರ್ಥವಾಯಿತು.

ಕುತೂಹಲಕ್ಕೆಂದು ಪೋರ್ಟಲ್‌ನಲ್ಲಿ ದೂರುಗಳ ಪಟ್ಟಿಯನ್ನು ಹುಡುಕಿದೆ. ಸಿಕ್ಕಿತು. ಆದರೆ ಅದು ಮುದ್ರಿಸಿದ ಹಾಳೆಗಳನ್ನು ಮತ್ತೆ ಸ್ಕ್ಯಾನ್ ಮಾಡಿದ ಪಿಡಿಎಫ್. ಅದೂ ಓರೆಯಾಗಿ, ಎಡ ಅಂಚಿನ ಕಾಲಂ ಅರ್ಧ ಕತ್ತರಿಸಿಹೋಗುವಂತೆ. ಕಂಪ್ಯೂಟರಿನಲ್ಲೇ ಹುಟ್ಟಿದ ಪಟ್ಟಿಯನ್ನು ಕಾಗದಕ್ಕಿಳಿಸಿ, ಕಾಗದದ ಚಿತ್ರ ತೆಗೆದು, ಆ ಚಿತ್ರವನ್ನು ಮತ್ತೆ ಕಂಪ್ಯೂಟರಿಗೆ ಏರಿಸಿದವರ ತಾಳ್ಮೆಗೆ ಕೈ ಮುಗಿಯಬೇಕು. ಕನ್ನಡಿಯೊಳಗಿನ ಗಂಟು ಎಂದರೆ ಇದೇ. ಎಲ್ಲವೂ ಕಾಣುತ್ತದೆ, ಕೂಡಲು ಕಳೆಯಲು ಏನೂ ಕೈಗೆ ಬರುವುದಿಲ್ಲ.

ಒಂದು ತಿಂಗಳ ಪಟ್ಟಿಯನ್ನು ಕೂತು ಕೈಯಾರೆ ಟೈಪ್ ಮಾಡಿದೆ. ಒಂದೇ ಬಡಾವಣೆಯ ಹೆಸರು ಐದು ಕಾಗುಣಿತಗಳಲ್ಲಿತ್ತು. ದಿನಾಂಕವನ್ನು ಕೆಲವೆಡೆ ದಿನ ಮೊದಲು, ಕೆಲವೆಡೆ ತಿಂಗಳು ಮೊದಲು ಬರೆದಿದ್ದರು. ಅವನ್ನೆಲ್ಲ ಸರಿಪಡಿಸಿ, ದೂರು ಮುಚ್ಚಿದ ದಿನಾಂಕದ ಪ್ರಕಾರ ಸಾಲುಗಳನ್ನು ಜೋಡಿಸಿದಾಗ ಒಂದು ಪವಾಡ ಕಂಡಿತು: ದೂರುಗಳಲ್ಲಿ ಹೆಚ್ಚಿನವು ತಿಂಗಳ ಕೊನೆಯ ಎರಡು ದಿನಗಳಲ್ಲಿ ಬಗೆಹರಿದಿದ್ದವು. ಬೀದಿದೀಪ, ನೀರಿನ ಸೋರಿಕೆ, ಬಿದ್ದ ಮರ, ರಸ್ತೆಗುಂಡಿ ಎಲ್ಲವೂ ಒಟ್ಟಿಗೆ ಮುಹೂರ್ತ ನೋಡಿಕೊಂಡು ಸರಿಯಾದಂತೆ! ಪ್ರಗತಿ ಪರಿಶೀಲನಾ ಸಭೆ ನಡೆಯುವುದು ತಿಂಗಳ ಮೊದಲ ವಾರದಲ್ಲಿ ಎಂದು ಆಮೇಲೆ ಗೊತ್ತಾಯಿತು.

ಇದನ್ನು ಹೇಳುತ್ತಿರುವುದು ಯಾವುದೋ ಗುಮಾಸ್ತರ ಮೇಲೆ ತಾವು ಕ್ರಮ ಕೈಗೊಳ್ಳಲಿ ಎಂದಲ್ಲ. ಸಭೆಯಲ್ಲಿ 'ಬಾಕಿ ಎಷ್ಟು' ಎಂದಷ್ಟೇ ಕೇಳಿದರೆ ಅವರು ಬಾಕಿಯನ್ನಷ್ಟೇ ಕರಗಿಸುತ್ತಾರೆ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆನೋ ಏನೋ. ನನ್ನನ್ನು ಕಾಡಿದ ಪ್ರಶ್ನೆ ಬೇರೆ. ಈ ಪಟ್ಟಿ ತಮ್ಮ ಕಚೇರಿಯಲ್ಲೇ ಹುಟ್ಟುತ್ತದೆ, ಪ್ರತಿ ತಿಂಗಳೂ ತಮ್ಮ ಮೇಜಿಗೇ ಬರುತ್ತದೆ. ಒಬ್ಬ ನಿವೃತ್ತ ಲೆಕ್ಕಿಗನಿಗೆ ನಾಲ್ಕು ಸಂಜೆಗಳಲ್ಲಿ ಕಂಡದ್ದು ಇಷ್ಟು ವರ್ಷ ಒಳಗಿನವರ ಯಾರ ಕಣ್ಣಿಗೂ ಬೀಳಲಿಲ್ಲವೇ?

ಬೀಳುವುದಿಲ್ಲ. ದೊಡ್ಡ ನಗರಗಳಲ್ಲೂ ಬಿದ್ದಿಲ್ಲ. ನ್ಯೂಯಾರ್ಕ್ ನಗರದ ಒಂದು ಪ್ರಸಂಗವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ದಯವಿಟ್ಟು ಸಹಿಸಿಕೊಳ್ಳಿ.

ಅಲ್ಲಿ 2012ರಲ್ಲಿ ಒಂದು ಸ್ಥಳೀಯ ಕಾನೂನು ಬಂತು. ನಗರದ ಇಲಾಖೆಗಳು ತಮ್ಮಲ್ಲಿರುವ ಸಾರ್ವಜನಿಕ ದತ್ತಾಂಶವನ್ನೆಲ್ಲ 2018ರ ಕೊನೆಯೊಳಗೆ, ಕಂಪ್ಯೂಟರ್ ಓದಬಲ್ಲ ರೂಪದಲ್ಲಿ, ಒಂದೇ ತಾಣದಲ್ಲಿ ಇಡಬೇಕೆಂದು ಅದು ಹೇಳಿತು. ಹೀಗೆ ಹೊರಬಂದವುಗಳಲ್ಲಿ ವಾಹನ ನಿಲುಗಡೆಯ ದಂಡದ ಚೀಟಿಗಳ ಪಟ್ಟಿಯೂ ಒಂದು. ಇದರ ಹಿಂದೆ ಒಂದು ಸಣ್ಣ ಕಥೆಯಿದೆ. ಪಾದಚಾರಿ ಮಾರ್ಗದಿಂದ ರಸ್ತೆಗಿಳಿಯಲು ಅಲ್ಲಲ್ಲಿ ಇಳಿಜಾರು ಮಾಡಿರುತ್ತಾರೆ. ಆ ಜಾಗದಲ್ಲಿ ರಸ್ತೆ ದಾಟುವ ಪಟ್ಟೆ ಇಲ್ಲದಿದ್ದರೆ ಇಳಿಜಾರಿನ ಮುಂದೆ ವಾಹನ ನಿಲ್ಲಿಸಬಹುದು ಎಂದು 2008ರ ಕೊನೆಯಲ್ಲಿ ನಿಯಮ ಬದಲಾಗಿತ್ತು. ಆದರೂ ದಂಡ ಬೀಳುವುದು ನಿಂತಿರಲಿಲ್ಲ. ಬೆನ್ ವೆಲ್ಲಿಂಗ್ಟನ್ ಎಂಬ ಅಂಕಿಅಂಶ ಶಾಸ್ತ್ರದ ಅಧ್ಯಾಪಕರು ಈ ಚೀಟಿಗಳನ್ನು ವಿಳಾಸವಾರು ಜೋಡಿಸಿ, ಅತಿ ಹೆಚ್ಚು ದಂಡ ಬಿದ್ದ ಜಾಗಗಳನ್ನು ಬೀದಿಯ ಚಿತ್ರಗಳೊಂದಿಗೆ ಹೋಲಿಸಿ ನೋಡಿದರು. ಸಾಲುಸಾಲಾಗಿ ಅವುಗಳಲ್ಲಿ ಹೆಚ್ಚಿನವು ಕಾನೂನುಬದ್ಧ ಜಾಗಗಳೇ ಆಗಿದ್ದವು. ಹೀಗೆ ತಪ್ಪಾಗಿ ವಸೂಲಾಗುತ್ತಿದ್ದ ಹಣ ವರ್ಷಕ್ಕೆ ಸುಮಾರು 17 ಲಕ್ಷ ಡಾಲರ್ ಇರಬಹುದೆಂದು ಅವರು 2016ರಲ್ಲಿ ಅಂದಾಜಿಸಿ ಪ್ರಕಟಿಸಿದರು.

ನನಗೆ ಇಷ್ಟವಾದದ್ದು ಮುಂದಿನ ಭಾಗ. ಪೊಲೀಸ್ ಇಲಾಖೆ ಸಿಟ್ಟಾಗಲಿಲ್ಲ, ಅಂಕಿಗಳನ್ನು ತಿರುಚಲಾಗಿದೆ ಎನ್ನಲಿಲ್ಲ, ಪಟ್ಟಿಯನ್ನು ಪೋರ್ಟಲ್‌ನಿಂದ ಇಳಿಸಲೂ ಇಲ್ಲ. ತಪ್ಪಾಗಿದೆ ಎಂದು ಒಪ್ಪಿಕೊಂಡು ಕಾರಣವನ್ನೂ ಹೇಳಿತು: ನಿಯಮ ಬದಲಾದಾಗ ಸಂಚಾರ ಸಿಬ್ಬಂದಿಗೆ ತರಬೇತಿ ಕೊಟ್ಟಿದ್ದೆವು, ಆದರೆ ಈ ಬಗೆಯ ಚೀಟಿಗಳಲ್ಲಿ ಹೆಚ್ಚಿನವನ್ನು ಬರೆಯುತ್ತಿದ್ದವರು ಗಸ್ತಿನ ಪೊಲೀಸರು. ಎಲ್ಲ ಪೊಲೀಸರಿಗೂ ಹೊಸ ಸೂಚನೆ ಹೋಯಿತು. ಮುಂದೆ ಇಂಥ ಚೀಟಿಗಳ ಮೇಲೆ ತಾವೇ ಕಣ್ಣಿಡುವುದಾಗಿಯೂ ಇಲಾಖೆ ಹೇಳಿತು. ಏಳು ವರ್ಷ ಆ ಅಂಕಿಗಳು ಇಲಾಖೆಯ ಸ್ವಂತ ಕಪಾಟಿನಲ್ಲೇ ಇದ್ದವು. ಹೊರಗಿನವನೊಬ್ಬ ಬಂದು ಆ ಪ್ರಶ್ನೆ ಕೇಳಬೇಕಾಯಿತು, ಅಷ್ಟೇ. ನಮ್ಮ ನಗರದಲ್ಲಿ ಇಂಥ ಪ್ರಶ್ನೆ ಕೇಳಿದವನಿಗೆ ಮೊದಲು ಸಿಗುವ ಉತ್ತರ "ಈ ಮಾಹಿತಿ ನಿಮಗೆ ಎಲ್ಲಿಂದ ಸಿಕ್ಕಿತು?" ಎಂಬುದು. ನನಗೆ ಸಿಕ್ಕದ್ದೂ ಅದೇ.

ಅದೇ ನ್ಯೂಯಾರ್ಕಿನಲ್ಲಿ 2003ರಲ್ಲಿ ಶುರುವಾದ 311 ಎಂಬ ದೂರವಾಣಿ ಸೇವೆಯ ದೂರುಗಳ ಪಟ್ಟಿಯೂ ಯಾರು ಬೇಕಾದರೂ ಇಳಿಸಿಕೊಳ್ಳುವಂತಿದೆ. ದೂರು ಬಂದದ್ದು ಯಾವಾಗ, ಮುಚ್ಚಿದ್ದು ಯಾವಾಗ, ಯಾವ ಇಲಾಖೆಯದು, ಎಲ್ಲಿಯದು ಎಂಬುದರ ಜೊತೆಗೆ ಏನು ಮಾಡಿ ಮುಚ್ಚಿದರು ಎನ್ನುವುದಕ್ಕೂ ಅಲ್ಲೊಂದು ಕಾಲಂ ಇದೆ. ನಮ್ಮ ಹಳೆಯ ಕಡತಗಳಲ್ಲಿ 'ಷರಾ' ಎಂದು ಬರೆಯುತ್ತಿದ್ದೆವಲ್ಲ, ಅದೇ. ಷರಾ ಇಲ್ಲದ ಲೆಡ್ಜರನ್ನು ನಾನು ಎಂದೂ ನಂಬಿದವನಲ್ಲ. ಆ ಒಂದು ಕಾಲಂ ಇದ್ದಿದ್ದರೆ 'ಸ್ಥಳ ಪರಿಶೀಲಿಸಲಾಗಿದೆ' ಎಂಬ ಒಂದೇ ವಾಕ್ಯ ಒಂದು ತಿಂಗಳಲ್ಲಿ ಎಷ್ಟು ಸಲ ಬಂದಿದೆ ಎಂದು ಎಣಿಸಲು ಅರ್ಧ ನಿಮಿಷ ಸಾಕಾಗುತ್ತಿತ್ತು.

ದೂರಿನ ಪಟ್ಟಿ ಕೇವಲ ತಪ್ಪು ಹುಡುಕುವುದಕ್ಕೆ ಎಂದುಕೊಳ್ಳಬೇಡಿ. ಷಿಕಾಗೋ ನಗರ ಅದನ್ನು ಬೇರೊಂದು ಕೆಲಸಕ್ಕೆ ಹಚ್ಚಿತು. ಅಲ್ಲಿ 2014ರ ಹೊತ್ತಿಗೆ ತಪಾಸಣೆ ಆಗಬೇಕಾದ ಆಹಾರ ಮಳಿಗೆಗಳು 15,000ಕ್ಕೂ ಹೆಚ್ಚು ಇದ್ದವು; ತಪಾಸಣೆ ಮಾಡುವವರು ಮೂವತ್ತು ಚಿಲ್ಲರೆ ಮಂದಿ. ಎಲ್ಲಿಗೆ ಮೊದಲು ಹೋಗಬೇಕು? ಹಿಂದಿನ ತಪಾಸಣೆಗಳ ಫಲಿತಾಂಶ, ಸುತ್ತಮುತ್ತಲಿನ ನೈರ್ಮಲ್ಯದ ದೂರುಗಳು, ಅಕ್ಕಪಕ್ಕದ ಕಳ್ಳತನಗಳು, ಆ ದಿನಗಳ ಉಷ್ಣಾಂಶ ಇವನ್ನೆಲ್ಲ ಕೂಡಿಸಿ, ಯಾವ ಅಡುಗೆಮನೆಯಲ್ಲಿ ಗಂಭೀರ ಲೋಪ ಸಿಗುವ ಸಾಧ್ಯತೆ ಹೆಚ್ಚು ಎಂಬ ಲೆಕ್ಕ ಹಾಕಿದರು. ಇವುಗಳಲ್ಲಿ ಹೆಚ್ಚಿನವು ನಗರ ಆಗಲೇ ತನ್ನ ಪೋರ್ಟಲ್‌ನಲ್ಲಿ ಇಟ್ಟಿದ್ದ ಪಟ್ಟಿಗಳು. 2014ರ ಎರಡು ತಿಂಗಳ ತಪಾಸಣೆಗಳೊಂದಿಗೆ ಹೋಲಿಸಿದಾಗ, ಲೆಕ್ಕ ಹೇಳಿದ ಕ್ರಮದಲ್ಲೇ ಹೋಗಿದ್ದರೆ ಗಂಭೀರ ಲೋಪಗಳು ಸರಾಸರಿ ಏಳೂವರೆ ದಿನ ಮೊದಲೇ ಸಿಗುತ್ತಿದ್ದವು ಎಂದು ಕಂಡಿತು. ಹೊಸ ಸಿಬ್ಬಂದಿ ಬೇಕಾಗಿರಲಿಲ್ಲ. ಬದಲಾದದ್ದು ಹೋಗುವ ಕ್ರಮ ಮಾತ್ರ. ಆ ಲೆಕ್ಕಾಚಾರದ ಕೋಡ್ ಅನ್ನೂ ನಗರವೇ ಪ್ರಕಟಿಸಿತು. ಹಾಗಾಗಿ ತಪಾಸಣೆಗೆ ಹೋದ ಇನ್‌ಸ್ಪೆಕ್ಟರ್ ಯಾರು ಎಂಬುದೂ ಅದರಲ್ಲಿ ಒಂದು ಅಂಶವಾಗಿತ್ತು ಎಂದು ಹೊರಗಿನವರು ತಿಳಿಯಲು, ಅದು ಸರಿಯೇ ಎಂದು ಚರ್ಚಿಸಲು ಸಾಧ್ಯವಾಯಿತು. ಮುಚ್ಚಿಟ್ಟಿದ್ದರೆ ಲೆಕ್ಕದ ಗುಣವೂ ಗೊತ್ತಾಗುತ್ತಿರಲಿಲ್ಲ, ದೋಷವೂ ಗೊತ್ತಾಗುತ್ತಿರಲಿಲ್ಲ.

ಬಸ್ಸುಗಳ ವಿಷಯವನ್ನು ಎಲ್ಲರೂ ಹೇಳುತ್ತಾರೆ, ನಾನು ಚುಟುಕಾಗಿ ಮುಗಿಸುತ್ತೇನೆ. ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಸಾರಿಗೆ ಸಂಸ್ಥೆ 2005ರಲ್ಲಿ ತನ್ನ ವೇಳಾಪಟ್ಟಿಯನ್ನು ಗೂಗಲ್ ಜೊತೆ ಸೇರಿ ಒಂದು ಸರಳ ನಮೂನೆಗೆ ಇಳಿಸಿತು. ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸಾದಾ ಪಠ್ಯದ ಕೆಲವು ಫೈಲುಗಳು, ಅಷ್ಟೇ. ಇಂದು ಪ್ರಪಂಚದ ಮೂಲೆಮೂಲೆಯ ಸಾರಿಗೆ ಸಂಸ್ಥೆಗಳು ಬಳಸುವ ನಮೂನೆ ಅದೇ. ಲಂಡನ್ನಿನ ಸಾರಿಗೆ ಸಂಸ್ಥೆ ತನ್ನ ದತ್ತಾಂಶವನ್ನು ಉಚಿತವಾಗಿ ಬಿಟ್ಟುಕೊಟ್ಟಿತು. ಅದನ್ನು ಬಳಸಿ ನೂರಾರು ಆಪ್‌ಗಳು ಹುಟ್ಟಿದವು. ಇದರಿಂದ ವರ್ಷಕ್ಕೆ 13 ಕೋಟಿ ಪೌಂಡ್‌ವರೆಗೆ ಪ್ರಯೋಜನವಾಗುತ್ತಿದೆ ಎಂದು 2017ರ ಅಧ್ಯಯನವೊಂದು ಹೇಳಿತು. ಅಧ್ಯಯನವನ್ನು ಮಾಡಿಸಿದ್ದು ಅದೇ ಸಂಸ್ಥೆಯಾದ್ದರಿಂದ ಅಂಕಿಯನ್ನು ನಾನು ಸ್ವಲ್ಪ ಅನುಮಾನದಿಂದಲೇ ಓದಿದೆ, ತಾವೂ ಹಾಗೆಯೇ ಓದಿ.

ತಮ್ಮ ಅಧಿಕಾರಿಗಳು ಜನರ ಖಾಸಗಿತನದ ಮಾತೆತ್ತುತ್ತಾರೆ ಎಂದು ಬಲ್ಲೆ. ಪಟ್ಟಿ ಕೊಡದಿರಲು ಅದು ನೆಪವಾಗುವುದೂ ಉಂಟು, ಆದರೆ ಭಯ ಸುಳ್ಳಲ್ಲ. ನ್ಯೂಯಾರ್ಕಿನ ಟ್ಯಾಕ್ಸಿ ಇಲಾಖೆ 2013ನೇ ವರ್ಷದ ಹದಿನೇಳು ಕೋಟಿಗೂ ಹೆಚ್ಚು ಪ್ರಯಾಣಗಳ ವಿವರವನ್ನು ಒಂದು ಮಾಹಿತಿ ಕೋರಿಕೆಗೆ ಉತ್ತರವಾಗಿ ಕೊಟ್ಟಿತು. ಟ್ಯಾಕ್ಸಿಯ ಪರವಾನಗಿ ಸಂಖ್ಯೆಗಳನ್ನು ಗುರುತು ಸಿಗದಂತೆ ಗೂಢಾಕ್ಷರಗಳಾಗಿ ಬದಲಿಸಿದ್ದೇವೆ ಎಂದುಕೊಂಡಿತ್ತು. ಆ ಸಂಖ್ಯೆಗಳು ಚಿಕ್ಕವು, ಒಂದು ನಿಶ್ಚಿತ ಮಾದರಿಯವು. ಸಾಧ್ಯವಿರುವ ಎಲ್ಲವನ್ನೂ ಅದೇ ಸೂತ್ರಕ್ಕೆ ಹಾಕಿ ಹೋಲಿಸಿದ ಒಬ್ಬ ಎಂಜಿನಿಯರ್ ಕೆಲವೇ ಗಂಟೆಗಳಲ್ಲಿ ಮುಸುಕು ತೆಗೆದರು. ಆದ್ದರಿಂದ ದೂರು ಕೊಟ್ಟವರ ಹೆಸರು, ಮೊಬೈಲ್ ಸಂಖ್ಯೆ, ಮನೆ ಸಂಖ್ಯೆ ಯಾವುದೂ ಪಟ್ಟಿಯಲ್ಲಿ ಬರಬಾರದು. ಮರೆಮಾಚಿಯೂ ಬರಬಾರದು, ಆ ಕಾಲಂಗಳನ್ನೇ ಕಿತ್ತುಹಾಕಬೇಕು. ಚರಂಡಿ ಯಾವ ತಿರುವಿನಲ್ಲಿದೆ ಎಂದು ತಿಳಿದರೆ ಸಾಕು, ದೂರು ಕೊಟ್ಟವನು ಯಾರೆಂದು ಊರಿಗೆ ತಿಳಿಯಬೇಕಾಗಿಲ್ಲ. (ಈ ಪತ್ರದ ನಂತರ ನನ್ನ ವಿಷಯ ಬೇರೆ.)

ಇನ್ನೊಂದು ಅಪಾಯ ಅಷ್ಟು ಬೇಗ ಕಣ್ಣಿಗೆ ಬೀಳುವುದಿಲ್ಲ. ರಸ್ತೆಗುಂಡಿ ಪತ್ತೆಗೆಂದು ಬಾಸ್ಟನ್ ನಗರ ಸ್ಮಾರ್ಟ್‌ಫೋನಿಗೆ ಒಂದು ಆಪ್ ತಂದಿತ್ತು. ವಾಹನ ಕುಲುಕಿದಾಗ ಫೋನು ತಾನಾಗಿಯೇ ಆ ಜಾಗವನ್ನು ಗುರುತಿಸುತ್ತಿತ್ತು. ಸ್ಮಾರ್ಟ್‌ಫೋನೂ ಕಾರೂ ಇರುವವರ ಬಡಾವಣೆಯ ಗುಂಡಿಗಳೇ ನಕ್ಷೆಯಲ್ಲಿ ಹೆಚ್ಚಾಗಿ ಮೂಡುವ ಅಪಾಯ ಅದರಲ್ಲಿತ್ತು. ದೂರುಗಳ ಪಟ್ಟಿಗೂ ಇದೇ ಕುತ್ತು. ದೂರು ಬಾರದ ಬೀದಿ ಚೆನ್ನಾಗಿರುವ ಬೀದಿಯಾಗಿರಬೇಕಿಲ್ಲ. ದೂರಿ ದೂರಿ ಸುಸ್ತಾದವರ ಬೀದಿಯೂ ಆಗಿರಬಹುದು. ಮೂರನೆಯ ಉತ್ತರ ಬಂದ ಮೇಲೆ ನಮ್ಮ ಪಕ್ಕದ ಮನೆಯವರು ದೂರು ಕೊಡುವುದನ್ನೇ ಬಿಟ್ಟರು. ತಮ್ಮ ನಕ್ಷೆಯಲ್ಲಿ ಅವರು ಈಗ ಸಂತೃಪ್ತ ನಾಗರಿಕರು.

ಹೀಗಾಗಿ ನನ್ನ ಕೋರಿಕೆ ಚಿಕ್ಕದು. ಹೊಸ ಪೋರ್ಟಲ್‌ಗೆ ಮುನ್ನೂರು ಪಟ್ಟಿಗಳನ್ನು ಏರಿಸುವ ಗುರಿ ಇಟ್ಟುಕೊಳ್ಳಬೇಡಿ. ಏರಿಸುವುದು ಸುಲಭ, ಸಾಕುವುದು ಕಷ್ಟ. ದೂರುಗಳ ಪಟ್ಟಿ ಒಂದನ್ನೇ ಮೊದಲು ಕೊಡಿ. ದಿನವೂ ಕೊಡಿ, ಸ್ಪ್ರೆಡ್‌ಶೀಟಿನಲ್ಲಿ ತೆರೆಯುವ ಸಾದಾ ಫೈಲಿನಲ್ಲಿ ಕೊಡಿ. ಷರಾ ಕಾಲಂ ಇರಲಿ, ಅದೇ ಜಾಗದಿಂದ ದೂರು ಮತ್ತೆ ಬಂದಿದ್ದರೆ ಹಳೆಯ ದೂರಿನ ಸಂಖ್ಯೆಯೂ ಅದರ ಪಕ್ಕದಲ್ಲಿರಲಿ. ಬಡಾವಣೆಗಳ ಹೆಸರನ್ನು ಯಾರೂ ಕೈಯಲ್ಲಿ ಟೈಪ್ ಮಾಡದಂತೆ ಒಂದು ನಿಗದಿತ ಪಟ್ಟಿಯಿಂದ ಆರಿಸುವಂತೆ ಮಾಡಿ. ಅರ್ಧ ರೋಗ ಅಲ್ಲಿಗೇ ವಾಸಿಯಾಗುತ್ತದೆ. ಮತ್ತು ಪಟ್ಟಿಯಲ್ಲಿ ತಪ್ಪು ಕಂಡರೆ ಯಾರಿಗೆ ಬರೆಯಬೇಕು ಎಂದು ಒಬ್ಬ ಅಧಿಕಾರಿಯ ಹುದ್ದೆಯನ್ನು ನಮೂದಿಸಿ, ಬಂದ ಪತ್ರಕ್ಕೆ ಉತ್ತರ ಕೊಡುವುದೂ ಅವರ ಕೆಲಸದ ಭಾಗ ಎಂದು ಆದೇಶ ಹೊರಡಿಸಿ. ತಿಂಗಳ ಸಭೆಯಲ್ಲಿ ಬಾಕಿ ಎಷ್ಟು ಎಂದು ಕೇಳುವ ಬದಲು, ಮುಚ್ಚಿದ ಮೇಲೆ ಮತ್ತೆ ಬಂದ ದೂರುಗಳು ಎಷ್ಟು ಎಂದು ಒಮ್ಮೆ ಕೇಳಿ ನೋಡಿ. ಸಭಾಂಗಣ ಎಷ್ಟು ಹೊತ್ತು ನಿಶ್ಶಬ್ದವಾಗಿರುತ್ತದೆ ಎಂಬ ಕುತೂಹಲ ನನಗಿದೆ.

ಮೊದಲ ಕೆಲವು ತಿಂಗಳು ಪತ್ರಿಕೆಗಳು ತಮ್ಮನ್ನು ಬಿಡುವುದಿಲ್ಲ. ಅಂಕಿಗಳು ಅಸಹ್ಯವಾಗಿ ಕಾಣುತ್ತವೆ. ಪ್ರಾಮಾಣಿಕವಾಗಿ ಬರೆದರೆ ಬಾಕಿ ಏಕಾಏಕಿ ಏರುತ್ತದೆ, ವಿರೋಧ ಪಕ್ಷದವರು ಅದನ್ನೇ ಹಿಡಿದು ಸಭೆಯಲ್ಲಿ ಕೂಗುತ್ತಾರೆ. ಆ ದಿನ ತಾವು ಪಟ್ಟಿಯನ್ನು ಹಿಂತೆಗೆದುಕೊಳ್ಳದಿದ್ದರೆ ನಾನು ಮತ್ತೊಂದು ಬಹಿರಂಗ ಪತ್ರ ಬರೆಯುತ್ತೇನೆ, ಈ ಸಲ ತಮ್ಮ ಪರವಾಗಿ.

ನಾನು ಟೈಪ್ ಮಾಡಿದ ಆ ಒಂದು ತಿಂಗಳ ಪಟ್ಟಿಯನ್ನು ಪೆನ್ ಡ್ರೈವಿನಲ್ಲಿ ಹಾಕಿಟ್ಟಿದ್ದೇನೆ. ತಮ್ಮ ಕಚೇರಿ ಹೇಳಿದ ದಿನ ತಂದು ಕೊಡುತ್ತೇನೆ. ಚರಂಡಿಯ ಬಗ್ಗೆ ನಾಲ್ಕನೆಯ ದೂರನ್ನು ನಿನ್ನೆ ದಾಖಲಿಸಿದೆ. ತಿಂಗಳ ಕೊನೆಗೆ ಇನ್ನು ಒಂಬತ್ತು ದಿನ ಇದೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಲೆಕ್ಕಿಗ