ಲೇಯರ್ ಫ್ರೀಜ್ ಮಾಡುವ ಮುನ್ನ ದಯವಿಟ್ಟು ಓದಿ

ಎಲ್ಲರಿಗೂ ನಮಸ್ಕಾರ. ನಕ್ಷೆ ಬರೆಯುವ ತಂತ್ರಾಂಶವಾದ ಆಟೋಕ್ಯಾಡ್‌ನಲ್ಲಿ ಎಲೆಕ್ಟ್ರಿಕಲ್, ಪ್ಲಂಬಿಂಗ್, ಫರ್ನಿಚರ್ ಶೀಟ್‌ಗಳಿಗಾಗಿ ಅದೇ ಪ್ಲಾನನ್ನು ಮೂರು ಸಲ ಕಾಪಿ ಮಾಡಬೇಡಿ. ನಾಳೆ ಒಂದು ಬಾಗಿಲು ಸರಿದರೆ ಮೂರೂ ಕಡೆ ತಿದ್ದಬೇಕು. ಒಂದು ಕಡೆ ಬಿಟ್ಟುಹೋದರೂ ಸೈಟಿನಲ್ಲಿ ಕಟ್ಟಿದ ಗೋಡೆ ಒಡೆಯಬೇಕಾಗುತ್ತದೆ.

ಮಾಡೆಲ್‌ನಲ್ಲಿ (ನಕ್ಷೆ ಬರೆಯುವ ಜಾಗ) ಒಂದೇ ಪ್ಲಾನ್ ಇರಲಿ. ಲೇಔಟ್‌ಗೆ (ಪ್ರಿಂಟಿನ ಶೀಟ್) ಹೋಗಿ, ವ್ಯೂಪೋರ್ಟ್ (ಮಾಡೆಲ್ ಕಾಣುವ ಚೌಕಟ್ಟು) ಒಳಗೆ ಡಬಲ್ ಕ್ಲಿಕ್ ಮಾಡಿ, ಲೇಯರ್ (ಒಂದೊಂದು ಬಗೆಯ ಗೆರೆಗಳ ಪದರ) ಪಟ್ಟಿಯ ‘ವಿಪಿ ಫ್ರೀಜ್’ ಕಾಲಂ ಬಳಸಿ. ಆ ಲೇಯರ್ ಆ ವ್ಯೂಪೋರ್ಟ್‌ನಲ್ಲಿ ಮಾತ್ರ ಮರೆಯಾಗುತ್ತದೆ. ಬರೀ ‘ಫ್ರೀಜ್’ ಅಥವಾ ‘ಆಫ್’ ಒತ್ತಿದರೆ ಎಲ್ಲ ಶೀಟ್‌ಗಳಿಂದಲೂ ಹೋಗುತ್ತದೆ. ಬೇರೆಯವರ ಶೀಟ್ ಖಾಲಿ ಕಾಣುವುದಕ್ಕೆ ಹೆಚ್ಚಿನ ಸಲ ಇದೇ ಕಾರಣ. ವ್ಯೂಪೋರ್ಟ್ ಲಾಕ್ ಮಾಡಿಕೊಂಡೇ ಒಳಗೆ ಹೋಗಿ, ಇಲ್ಲವಾದರೆ ಜೂಮ್ ಮಾಡಿದಾಗ ಸ್ಕೇಲ್ ಕೆಡುತ್ತದೆ.

ಪ್ಲಂಬಿಂಗ್ ಶೀಟಿನಲ್ಲಿ ಗೋಡೆಗಳು ಬೂದಾಗಿ, ತೆಳ್ಳಗೆ ಬೇಕೇ? ‘ವಿಪಿ ಕಲರ್’, ‘ವಿಪಿ ಲೈನ್‌ವೇಟ್’ ಇವೆ. ಪೈಪುಗಳು ಎದ್ದು ಕಾಣಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಆದರೆ ಗೆರೆಗಳ ಬಣ್ಣ ‘ಬೈಲೇಯರ್’, ಅಂದರೆ ಲೇಯರಿನದೇ ಬಣ್ಣ, ಆಗಿರಲೇಬೇಕು. ಗೆರೆಗೇ ನೇರವಾಗಿ ಕೆಂಪು ಕೊಟ್ಟಿದ್ದರೆ ಅದು ಕೆಂಪಾಗಿಯೇ ಉಳಿಯುತ್ತದೆ. ಅಂಥವನ್ನು ‘ಸೆಟ್‌ಬೈಲೇಯರ್’ ಕಮಾಂಡ್‌ನಿಂದ ಸರಿಪಡಿಸಿ. ಸಿಟಿಬಿ (ಬಣ್ಣದ ಆಧಾರದ ಮೇಲೆ ಪ್ರಿಂಟಿನ ಗೆರೆ ನಿರ್ಧರಿಸುವ ಫೈಲ್) ಬಳಸುವವರು ಗಮನಿಸಿ: ಬಣ್ಣ ಬದಲಾದರೆ ಪ್ರಿಂಟಿನಲ್ಲಿ ಗೆರೆಯ ದಪ್ಪವೂ ಬದಲಾಗಬಹುದು.

ಎಕ್ಸ್‌ರೆಫ್ (ಬೇರೆ ಫೈಲಿನಿಂದ ಜೋಡಿಸಿದ ನಕ್ಷೆ) ಇರುವ ಫೈಲ್‌ಗಳಲ್ಲಿ ‘ವಿಸ್‌ರೀಟೇನ್’ ಎಂಬ ಸೆಟ್ಟಿಂಗ್‌ನ ಬೆಲೆ 1 ಇದೆಯೇ ನೋಡಿ. 0 ಇದ್ದರೆ ಎಕ್ಸ್‌ರೆಫ್ ಲೇಯರ್‌ಗಳಿಗೆ ನೀವು ಮಾಡಿದ ಬದಲಾವಣೆ ಉಳಿಯುವುದಿಲ್ಲ.

ಹೊಸ ಲೇಯರ್ ಸೇರಿಸಿದವರು ಅದರ ಹೆಸರು, ಯಾವ ಶೀಟಿಗೆ ಬೇಕು ಎಂಬುದನ್ನು ಅಂದೇ ಇಲ್ಲಿ ತಿಳಿಸಿ.