ಮಗಳಿಗೊಂದು ಪತ್ರ: ಹಪ್ಪಳದ ಘಟಕಕ್ಕೆ ಸಾಲ ಕೇಳುವ ಮೊದಲು

ಪ್ರೀತಿಯ ಮಗಳೇ,

ನೀನು ಕಳಿಸಿದ ಹದಿನಾಲ್ಕು ಪುಟ ಓದಿದೆ. ಹಲಸಿನಕಾಯಿ ಹಪ್ಪಳದ ಕೆಲಸ ನಿನಗೆ ಚೆನ್ನಾಗಿ ಗೊತ್ತು ಅನ್ನುವುದು ಮೊದಲ ಪುಟದಲ್ಲೇ ತಿಳಿಯುತ್ತದೆ. ಆದರೆ ನಿನಗೆ ಎಷ್ಟು ಹಣ ಬೇಕು ಅನ್ನುವುದು ಸಿಕ್ಕಿದ್ದು ಹನ್ನೊಂದನೆಯ ಪುಟದಲ್ಲಿ. ಬ್ಯಾಂಕಿನವರಿಗೆ ಅಲ್ಲಿಯವರೆಗೆ ಓದುವಷ್ಟು ಪುರುಸೊತ್ತು ಇರುವುದಿಲ್ಲ. ಅದನ್ನು ಮೊದಲ ಪುಟದ ಮೊದಲ ಸಾಲಿಗೆ ತಾ.

ಸತ್ಯವೇದದಲ್ಲಿ ನೆಹೆಮೀಯನ ಎರಡನೆಯ ಅಧ್ಯಾಯವನ್ನು ಈ ದೃಷ್ಟಿಯಿಂದ ಒಮ್ಮೆ ಓದು. ಯೆರೂಸಲೇಮಿನ ಗೋಡೆ ಬಿದ್ದಿರುವ ಸುದ್ದಿ ಅವನಿಗೆ ಮುಟ್ಟಿದ್ದು ಕಿಸ್ಲೇವ್ ಮಾಸದಲ್ಲಿ; ಪರ್ಷಿಯದ ಅರ್ತಷಸ್ತ ರಾಜನ ಮುಂದೆ ಬಾಯಿ ಬಿಟ್ಟದ್ದು ನೀಸಾನ್ ಮಾಸದಲ್ಲಿ. ನಡುವೆ ನಾಲ್ಕು ತಿಂಗಳು. ಉಪವಾಸ ಮಾಡಿದ, ಪ್ರಾರ್ಥಿಸಿದ. ಲೆಕ್ಕವನ್ನೂ ಹಾಕಿಟ್ಟಿದ್ದ ಅನ್ನುವುದು ಅವನ ಉತ್ತರದಲ್ಲಿ ಕಾಣುತ್ತದೆ. ನಿನಗೇನು ಬೇಕು ಎಂದು ರಾಜ ಕೇಳಿದಾಗ ಮನಸ್ಸಿನಲ್ಲೇ ದೇವರಿಗೆ ಮೊರೆಯಿಟ್ಟು, ಪಟ್ಟಣ ಕಟ್ಟಲು ನನ್ನನ್ನು ಕಳಿಸಬೇಕು ಅಂದ. ಎಷ್ಟು ದಿನ ಅಂದಾಗ ಅವಧಿ ಹೇಳಿದ. ದಾರಿ ಬಿಡುವಂತೆ ಯೂಫ್ರೆಟೀಸ್ ಹೊಳೆಯಾಚೆಯ ಅಧಿಪತಿಗಳಿಗೆ ಪತ್ರ ಕೇಳಿದ. ರಾಜವನ ಕಾಯುವ ಆಸಾಫನ ಹೆಸರು ಹಿಡಿದು ಮರ ಕೇಳಿದ. ಆ ಮರ ಕೋಟೆಯ ಬಾಗಿಲಿಗೆ, ಪಟ್ಟಣದ ಗೋಡೆಗೆ, ತಾನು ಇರುವ ಮನೆಗೆ ಎಂದು ಬಿಡಿಸಿ ಹೇಳಿದ.

ತನ್ನ ಮನೆಗೆ ಬೇಕಾದ ಮರವನ್ನು ಅವನು ಮುಚ್ಚಿಡಲಿಲ್ಲ, ಅದನ್ನು ಗಮನಿಸು. ನಿನ್ನ ವರದಿಯಲ್ಲಿ ನಿನ್ನ ಸಂಬಳವೇ ಇಲ್ಲ. ತಿಂಗಳಿಗೆ ಹನ್ನೆರಡು ಸಾವಿರವಾದರೂ ಬರೆ. ಅದನ್ನು ಬಿಟ್ಟು ತೋರಿಸಿದ ಲಾಭ ಲಾಭವಲ್ಲ, ನಿನ್ನದೇ ಕೂಲಿ. ಸೇವಾಮನೋಭಾವ ಅಂದುಕೊಂಡು ಬಿಟ್ಟಿರಬಹುದು. ಓದುವವರಿಗೆ ಅದು ಲೆಕ್ಕ ಬಾರದವಳ ತಪ್ಪಾಗಿ ಕಾಣುತ್ತದೆ.

ಇನ್ನು ಹಣದ ಮಾತು. ಕಿರು ಆಹಾರ ಘಟಕಗಳಿಗೆ ಕೇಂದ್ರ ಸರ್ಕಾರ ನೆರವು ಕೊಡುವ ಪಿಎಂಎಫ್ಎಂಇ ಯೋಜನೆಯಲ್ಲಿ ಅರ್ಹ ವೆಚ್ಚದ 35% ಸಬ್ಸಿಡಿ, ಗರಿಷ್ಠ 10 ಲಕ್ಷ. ಕೈಯಿಂದ ಕನಿಷ್ಠ 10% ಹಾಕಬೇಕು. ಯೋಜನೆ ಈಗ ಚಾಲ್ತಿಯಲ್ಲಿ ಉಂಟೋ ಎಂದು ಕಾಸರಗೋಡಿನ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಮೊದಲೇ ಕೇಳಿಕೋ. ನಿನ್ನ 6 ಲಕ್ಷಕ್ಕೆ 2,10,000 ಸಬ್ಸಿಡಿ, 60,000 ನಿನ್ನದು, ಉಳಿದ 3,30,000 ಸಾಲ ಎಂದು ಬರೆದಿದ್ದೀ. ಇಲ್ಲೇ ಬಹಳ ಮಂದಿ ಎಡವುವುದು. ಸಬ್ಸಿಡಿ ನಿನ್ನ ಕೈಗೆ ಬರುವುದಿಲ್ಲ. ಅದು ಬ್ಯಾಂಕಿನಲ್ಲಿ ಬೇರೆ ಖಾತೆಯಲ್ಲಿ ಕೂತಿರುತ್ತದೆ; ಮೂರು ವರ್ಷ ಕಂತು ಸರಿಯಾಗಿ ಹೋಗಿ ಘಟಕ ನಡೆಯುತ್ತಿದ್ದರೆ ಆಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಹಾಗಾಗಿ ನೀನು ಕೇಳಬೇಕಾದ ಸಾಲ 5,40,000. ವರ್ಷಕ್ಕೆ 11% ಬಡ್ಡಿ, 60 ಕಂತು ಎಂದು ಹಿಡಿದರೆ ತಿಂಗಳಿಗೆ ಸುಮಾರು 11,740 ರೂಪಾಯಿ. ಈ ಕಂತನ್ನು ಹೊರುವ ಶಕ್ತಿ ಉಂಟೆಂದು ತೋರಿಸು.

ತೋರಿಸುವುದು ಹೀಗೆ. 200 ಗ್ರಾಂ ಪ್ಯಾಕೆಟಿಗೆ ಎಂಆರ್‌ಪಿ 100 ಇಟ್ಟು ಅಂಗಡಿಗೆ 20 ಬಿಟ್ಟರೆ ನಿನಗೆ 80. ಕಾಯಿ, ಕೂಲಿ, ಕರೆಂಟು, ಕವರು, ಸಾಗಾಟ ಸೇರಿ 55 ಆದರೆ ಉಳಿಯುವುದು 25. ಕಂತಿಗೇ ತಿಂಗಳಿಗೆ 470 ಪ್ಯಾಕೆಟ್ ಹೋಗಬೇಕು, ನಿನ್ನ ಸಂಬಳಕ್ಕೆ ಇನ್ನು 480. ಒಟ್ಟು 950. ಕುಂಬಳೆ, ಬದಿಯಡ್ಕ, ಮಂಜೇಶ್ವರ, ಮಂಗಳೂರಿನಲ್ಲಿ ಯಾವ ಯಾವ ಅಂಗಡಿಗೆ ಎಷ್ಟೆಷ್ಟು ಎಂದು ಬರೆ. ಈ 55 ನಾನು ಉದಾಹರಣೆಗೆ ಹಿಡಿದದ್ದು. ಹತ್ತು ಹಲಸು ತಂದು ಸೊಳೆ ಬಿಡಿಸುವುದರಿಂದ ಪ್ಯಾಕ್ ಮಾಡುವವರೆಗೆ ತೂಗಿ, ಗಂಟೆ ಲೆಕ್ಕ ಇಟ್ಟು ನಿನ್ನ ಅಂಕಿ ಹಾಕು. ಗೋಪುರ ಕಟ್ಟುವವನು ಮೊದಲು ಕೂತು ಖರ್ಚು ಲೆಕ್ಕ ಮಾಡುವುದಿಲ್ಲವೇ ಎಂದು ಲೂಕನ ಹದಿನಾಲ್ಕನೆಯ ಅಧ್ಯಾಯದಲ್ಲಿ ಯೇಸು ಕೇಳಿದ್ದು ಶಿಷ್ಯತ್ವದ ವಿಷಯದಲ್ಲಿ. ಕೇಳಿದವರಿಗೆ ಅರ್ಥವಾದದ್ದು ಕಟ್ಟಡದ ಲೆಕ್ಕ ಎಲ್ಲರಿಗೂ ಗೊತ್ತಿದ್ದ ಕಾರಣ.

ಹಪ್ಪಳದ ನಿಜವಾದ ಕಷ್ಟ ಋತುವಿನದ್ದು. ಬಲಿತ ಕಾಯಿ ಸಿಗುವುದು ಬೇಸಿಗೆಯ ಮೂರು ತಿಂಗಳು, ಗಿರಾಕಿ ಕೇಳುವುದು ಆಟಿ ತಿಂಗಳ ಮಳೆಯಲ್ಲಿ. ಮೂರು ತಿಂಗಳು ಹಣ ಹೊರಗೆ ಹೋಗುತ್ತದೆ, ಉಳಿದ ತಿಂಗಳು ನಿಧಾನ ಒಳಗೆ ಬರುತ್ತದೆ. ಯಂತ್ರದ ಸಾಲದ ಜೊತೆಗೆ ದುಡಿಯುವ ಬಂಡವಾಳ ಬೇರೆ ಕೇಳದಿದ್ದರೆ ಏಪ್ರಿಲಿನಲ್ಲಿ ಕಾಯಿ ಕೊಳ್ಳಲು ದುಡ್ಡಿರುವುದಿಲ್ಲ, ಹಪ್ಪಳ ಒಣಗಿಸುವ ಡ್ರೈಯರು ಖಾಲಿ ನಿಲ್ಲುತ್ತದೆ. ಹನ್ನೆರಡು ತಿಂಗಳ ಹಣದ ಹರಿವನ್ನು ಒಂದೇ ಪುಟದಲ್ಲಿ ತೋರಿಸು.

ತೊಂದರೆಗಳ ಪುಟವನ್ನು ನೀನು ಬರೆಯಲೇ ಇಲ್ಲ. ಹೆದರಬೇಡ, ಒಪ್ಪಿಸುವ ಶಕ್ತಿ ಇರುವುದು ಆ ಪುಟದಲ್ಲೇ. ಡ್ರೈಯರಿನ ಶಾಖ ಅವಸರಕ್ಕೆ ಏರಿಸಿದರೆ ಹಪ್ಪಳದ ಮೇಲ್ಮೈ ಬಿಗಿದು ಒಳಗೆ ತೇವ ಉಳಿಯುತ್ತದೆ. ಪ್ಯಾಕಿನೊಳಗೆ ಬೂಷ್ಟು ಬರುತ್ತದೆ. ಅದನ್ನು ಹೇಳು, ಹೇಗೆ ತಡೆಯುತ್ತೀ ಎಂದೂ ಹೇಳು. ಹೋಗುವಾಗ ಎರಡು ಹಪ್ಪಳ ಹಿಡಿದುಕೊಂಡು ಹೋಗು: ಸರಿಯಾಗಿ ಒಣಗಿದ್ದು ಪಟ್ಟೆಂದು ಮುರಿಯುತ್ತದೆ, ತೇವ ಉಳಿದದ್ದು ಬಾಗುತ್ತದೆ. ಮೇಜಿನ ಮೇಲೆ ಮುರಿದು ತೋರಿಸಿದರೆ ಡ್ರೈಯರು ಯಾಕೆ ಬೇಕೆಂದು ಒಂದು ನಿಮಿಷದಲ್ಲಿ ತಿಳಿಯುತ್ತದೆ.

ಎರಡು ಮಾತು ಈಗಲೇ ಹೊಡೆದುಹಾಕು. "ಸಕ್ಕರೆ ಕಾಯಿಲೆಯವರಿಗೆ ಒಳ್ಳೆಯದು" ಅಂದಿದ್ದೀ. ಎಣ್ಣೆಯಲ್ಲಿ ಕರಿದ, ಉಪ್ಪು ಹಾಕಿದ ತಿಂಡಿಗೆ ಆ ಮಾತು ಸಲ್ಲದು. ಆಹಾರದ ಪ್ಯಾಕೆಟಿನಲ್ಲಿ ರೋಗ ವಾಸಿಯಾಗುತ್ತದೆಂದು ಬರೆಯಲು ಕಾನೂನೂ ಬಿಡುವುದಿಲ್ಲ. "ನೂರಕ್ಕೆ ನೂರು ಸಾವಯವ" ಅಂದಿದ್ದೀ. ಮರಕ್ಕೆ ಗೊಬ್ಬರ ಹಾಕದಿದ್ದ ಮಾತ್ರಕ್ಕೆ ಸಾವಯವ ಅನ್ನುವಂತಿಲ್ಲ, ಪ್ರಮಾಣಪತ್ರ ಬೇಕು. "ಪೆರ್ಲ, ಬದಿಯಡ್ಕದ ತೋಟಗಳ ಕಾಯಿ, ಬಣ್ಣ ಸೇರಿಸಿಲ್ಲ" ಅನ್ನು, ಅದು ನಿಜ. ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎನ್ನಬೇಕೆಂದು ಕರ್ತನು ಹೇಳಿದ ಮಾತು ಲೇಬಲಿಗೂ ಅನ್ವಯಿಸುತ್ತದೆ. ತಕ್ಕಡಿಗೆ ಮುದ್ರೆ ಹಾಕಿಸು. ಕವರಿನ ತೂಕ ಕಳೆದು 200 ಗ್ರಾಂ ಇರಬೇಕು. ಮೋಸದ ತ್ರಾಸು ದೇವರಿಗೆ ಅಸಹ್ಯ ಅನ್ನುವ ಜ್ಞಾನೋಕ್ತಿಯ ಮಾತು ನಿನಗೆ ಬಾಯಿಪಾಠ ಉಂಟಲ್ಲ.

ಮುಖಪುಟದಲ್ಲಿ ಸತ್ಯವೇದದ ವಾಕ್ಯ ಹಾಕಿದ್ದೀ. ತೆಗೆದುಬಿಡು. ನಂಬಿಕೆಯನ್ನು ಜಾಮೀನಾಗಿ ಮುಂದಿಟ್ಟ ಹಾಗೆ ಆಗುತ್ತದೆ. ಹಳೆ ಮನೆಯ ಮಾಡಿನಿಂದ ಒಂದು ಬಾಸೆಲ್ ಮಿಶನ್ ಹೆಂಚು ಇಳಿಸಿ ನೋಡು: ಕಾರ್ಖಾನೆಯ ಹೆಸರು, 1865 ಎಂಬ ಇಸವಿ, ಊರು. ಅಷ್ಟೇ. ಸುವಾರ್ತೆ ಸಾರಲು ಬಂದ ಮಿಶನಿನವರೇ ಆದರೂ ಅವರು ಮಾರಿದ್ದು ಸೋರದ ಹೆಂಚನ್ನು.

ಸಭೆಯ ಹಿರಿಯರೊಬ್ಬರು ಎರಡು ಲಕ್ಷ ಕೊಡುತ್ತೇನೆ ಅಂದಿದ್ದಾರೆ ಎಂದು ಬರೆದಿದ್ದೀ. ಆರಾಧನೆ ಬಿಟ್ಟ ಮೇಲೆ ಅಂಗಳದಲ್ಲಿ ನಿಂತು ಈ ಮಾತು ಆಡಬೇಡ. ಅಲ್ಲಿ ಇಲ್ಲ ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ, ಕೊಟ್ಟದ್ದು ಕಾಣಿಕೆಯೋ ಸಾಲವೋ ಪಾಲೋ ಆಮೇಲೆ ಗೊತ್ತಾಗುವುದಿಲ್ಲ. ವಾರದ ದಿನ ಅವರ ಮನೆಗೆ ಹೋಗು, ಬ್ಯಾಂಕಿಗೆ ಕೊಡುವ ಅದೇ ಲೆಕ್ಕ ಅವರಿಗೂ ಕೊಡು, ಮುಳುಗಿದರೆ ಯಾರಿಗೆ ಎಷ್ಟು ನಷ್ಟ ಎಂದು ಬರವಣಿಗೆಯಲ್ಲಿ ಇರಲಿ. ಯೋಚಿಸಲು ಹದಿನೈದು ದಿನ ಬಿಡು.

ಬ್ಯಾಂಕಿನ ಮ್ಯಾನೇಜರರು ಕೇರಳದ ತೆಂಕಣ ಜಿಲ್ಲೆಯವರಾಗಿರಬಹುದು, ಕನ್ನಡ ಬಾರದಿರಬಹುದು. ಒಂದು ಪುಟದ ಸಾರಾಂಶ ಮಲಯಾಳದಲ್ಲಿ ಇಟ್ಟುಕೋ. ಮಾತು ಐದು ನಿಮಿಷ ಸಾಕು: ಎಷ್ಟು ಬೇಕು, ಯಾವುದಕ್ಕೆ, ಹೇಗೆ ತೀರಿಸುತ್ತೀ, ಏನು ಕೆಡಬಹುದು. ಆಮೇಲೆ ಸುಮ್ಮನೆ ಕೂತು ಅವರ ಪ್ರಶ್ನೆ ಕೇಳು. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ, ನಾಡಿದ್ದು ತಂದುಕೊಡುತ್ತೇನೆ ಅನ್ನು, ನಾಡಿದ್ದು ತಂದುಕೊಡು.

ಡ್ರೈಯರಿನ ಕೊಟೇಶನು ಒಂದೇ ಉಂಟು, ಇನ್ನೆರಡು ತರಿಸು. ಬಂದ ಮೇಲೆ ಹಣದ ಹರಿವಿನ ಪುಟ ಮಾತ್ರ ನನಗೆ ಕಳಿಸು, ಕೂಡಿ ಕಳೆದು ನೋಡುತ್ತೇನೆ.

ನಿನ್ನ ಅಮ್ಮ